ಹಬ್ಬಕ್ಕೊಂದು ಮುಡಿಪು



ಶ್ರಾವಣ ಹುಟ್ಟಿತೆಂದರೆ ನಮ್ಮ ಮನೆಗಳಲ್ಲಿ ಹಬ್ಬಗಳ ಸಾಲು ಆರಂಭವಾಗುತ್ತದೆ. ನಾಗರಪಂಚಮಿ, ವರಮಹಾಲಕ್ಷ್ಮಿ, ಗೌರಿ, ಗಣೇಶ, ಪಿತೃಪಕ್ಷ, ನವರಾತ್ರಿ, ಆಯುಧಪೂಜೆ, ದೀಪಾವಳಿ ಹೀಗೆ ಒಂದು ಮುಗಿಯುವುದರೊಳಗೆ ಇನ್ನೊಂದು ಬಾಗಿಲಲ್ಲಿ ಬಂದು ನಿಂತಿರುತ್ತದೆ. ಹಬ್ಬಗಳ ಸಾಲು ಎಂದೆವಷ್ಟೆ. ಸಾಲು ಎಂಬ ಮಾತಿಗೂ ಸಾಲ ಎಂಬ ಮಾತಿಗೂ ಇರುವುದು ಒಂದು ಕೊಂಬಿನ ವ್ಯತ್ಯಾಸ. ಎಷ್ಟೋ ಮನೆಗಳಲ್ಲಿ ಆ ಕೊಂಬು ಯಾವಾಗ ಬಿದ್ದುಹೋಗುತ್ತದೆಂಬುದು ಮನೆಯವರಿಗೇ ತಿಳಿಯುವುದಿಲ್ಲ.

ಹಬ್ಬ ಮಾಡಬೇಡಿ ಎಂದು ಹೇಳಲು ನಾವು ಇದನ್ನು ಬರೆಯುತ್ತಿಲ್ಲ. ವರ್ಷವಿಡೀ ಮಳೆ, ಜಿಗಣೆ, ಬೋರರ್ ಹುಳು, ಕೊಳೆರೋಗ, ಆಳಿನ ಅಭಾವ ಇವುಗಳ ನಡುವೆ ಹೆಣಗುವ ನಮಗೆ ನಾಲ್ಕು ದಿನ ನಕ್ಕು ಉಣ್ಣುವ ಹಕ್ಕಿಲ್ಲವೇ? ಹಬ್ಬವನ್ನು ಚಿಕ್ಕದು ಮಾಡುವುದಕ್ಕಿಂತ ಮೊದಲು ಹಬ್ಬದ ಸಾಲವನ್ನು ಇಲ್ಲವಾಗಿಸಬೇಕು ಎಂಬುದಷ್ಟೇ ನಮ್ಮ ಮಾತು. ಇದನ್ನು ನಾವು ಕಲಿತದ್ದು ಪುಸ್ತಕದಿಂದಲ್ಲ, ಕೈ ಸುಟ್ಟುಕೊಂಡು.

ಎರಡು ಪಂಚಾಂಗಗಳು

ನಮ್ಮಂಥ ಸಣ್ಣ ಬೆಳೆಗಾರರ ಮನೆಯಲ್ಲಿ ಎರಡು ಪಂಚಾಂಗಗಳು ನಡೆಯುತ್ತವೆ. ಒಂದು ಗೋಡೆಯ ಮೇಲೆ ತೂಗುಹಾಕಿರುವುದು. ಇನ್ನೊಂದು ತೋಟದಲ್ಲಿರುವುದು. ಈ ಎರಡಕ್ಕೂ ತಾಳೆಯಿಲ್ಲ.

ತೋಟದ ಪಂಚಾಂಗದಲ್ಲಿ ಹಣ ಬರುವ ತಿಂಗಳುಗಳು ಬೇರೆ. ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿಯವರೆಗೆ, ರೋಬಸ್ಟಾ ಅದರ ಹಿಂದೆಯೇ. ಕಣದಲ್ಲಿ ಒಣಗಿಸಿ, ಮೂಟೆ ಕಟ್ಟಿ, ಮಾರಿ, ಆಳಿನ ಬಟವಾಡೆ ಮುಗಿಸಿ, ಕೈಯಲ್ಲಿ ನಾಲ್ಕು ಕಾಸು ಉಳಿಯುವ ಹೊತ್ತಿಗೆ ಮಾಘ ಮಾಸ ಬಂದಿರುತ್ತದೆ. ಅಡಿಕೆಯ ಕೊಯ್ಲು ಸ್ವಲ್ಪ ಮುಂಚೆ ಆರಂಭವಾದರೂ ಬೇಯಿಸಿ ಒಣಗಿಸಿ ಮಂಡಿಗೆ ಹೋಗುವಷ್ಟರಲ್ಲಿ ಅದೇ ಕಥೆ. ಹಬ್ಬಗಳೋ ಶ್ರಾವಣದಿಂದ ಕಾರ್ತಿಕದವರೆಗೆ, ಎಂದರೆ ಹಿಂದಿನ ಬೆಳೆಯ ಹಣ ಕರಗಿ ಮುಂದಿನ ಬೆಳೆ ಇನ್ನೂ ಗಿಡದ ಮೇಲೆ ಹಸಿರಾಗಿರುವಾಗ, ಒಂದರ ಹಿಂದೊಂದು ಬರುತ್ತವೆ.

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ತೋಟಕ್ಕೆ ಹಣ ಸುರಿಯಬೇಕಾದ ಕಾಲವೂ ಅದೇ. ಕಾಫಿಗೆ ಹೂವಿಗೆ ಮೊದಲು ಒಂದು, ಹೂವಾದ ಮೇಲೆ ಒಂದು, ನಡು ಮಳೆಗಾಲದಲ್ಲಿ ಒಂದು, ಮಳೆ ಇಳಿದ ಮೇಲೆ ಒಂದು ಎಂದು ಗೊಬ್ಬರದ ಕಂತುಗಳಿವೆ. ಕೊನೆಯ ಎರಡು ಕಂತುಗಳು ಆಗಸ್ಟಿನಲ್ಲಿ ಮತ್ತು ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಬರುತ್ತವೆ. ಅಡಿಕೆ ಮರಕ್ಕೂ ಮಳೆ ಇಳಿದ ಮೇಲೆ ಒಂದು ಕಂತು ಗೊಬ್ಬರ ಬೀಳಲೇಬೇಕು. ಹೀಗೆ ಗೌರಿಯ ಸೀರೆಯೂ ಕಾಫಿಯ ಗೊಬ್ಬರವೂ ಒಂದೇ ಜೇಬಿಗೆ ಒಂದೇ ತಿಂಗಳಲ್ಲಿ ಕೈ ಹಾಕುತ್ತವೆ. ಗೌರಿ ಬಾಗಿಲಲ್ಲಿ ನಿಂತಿರುತ್ತಾಳೆ, ಗಿಡ ಬಾಯಿ ಬಿಟ್ಟು ಕೇಳುವುದಿಲ್ಲ. ಸೋಲುವುದು ಗಿಡವೇ.

ಹಿರಿಯ ಬೆಳೆಗಾರರಿಗೆ ಒಂದು ಸಂಗತಿ ನೆನಪಿರಬಹುದು. ಕಾಫಿ ಬೋರ್ಡಿನ ಪೂಲ್ ಪದ್ಧತಿ ಇದ್ದಾಗ ನಾವು ಕಾಫಿಯನ್ನು ಪೂಲಿಗೆ ಒಪ್ಪಿಸಿದ ಕೂಡಲೆ ಪೂರ್ತಿ ಹಣ ಬರುತ್ತಿರಲಿಲ್ಲ. ಮೊದಲು ಒಂದಿಷ್ಟು, ಆಮೇಲೆ ಮಾರಾಟವಾದ ಹಾಗೆ ಕಂತುಕಂತಾಗಿ ಬರುತ್ತಿತ್ತು. ಆಗ ನಾವೆಲ್ಲ ಗೊಣಗಿದವರೇ. ನಮ್ಮ ಬೆಳೆಯ ಹಣಕ್ಕೆ ನಾವೇ ಕಾಯಬೇಕೇ ಎಂದು ಕೇಳಿದ್ದೂ ಸರಿಯೇ. 1990ರ ದಶಕದಲ್ಲಿ ಮುಕ್ತ ಮಾರಾಟಕ್ಕೆ ಹಂತಹಂತವಾಗಿ ಅವಕಾಶವಾಗಿ, 1996ರಲ್ಲಿ ಬೆಳೆಗಾರನು ತನ್ನ ಪೂರ್ತಿ ಕಾಫಿಯನ್ನು ತನಗೆ ಬೇಕಾದಲ್ಲಿ ಮಾರುವ ಸ್ವಾತಂತ್ರ್ಯ ಪಡೆದನು. ಅದು ಒಳ್ಳೆಯದೇ ಆಯಿತು. ಆದರೆ ಕಂತಿನ ಹಣ ನಮಗೆ ಗೊತ್ತಿಲ್ಲದೆ ಒಂದು ಉಪಕಾರ ಮಾಡುತ್ತಿತ್ತು. ಮಳೆಗಾಲದಲ್ಲಿಯೂ ಒಂದಿಷ್ಟು ಹಣ ಬರುವ ಸಂಭವವಿರುತ್ತಿತ್ತು. ಈಗ ಹಣ ಒಂದೇ ಸಲ ಬರುತ್ತದೆ, ಬಂದ ಹಾಗೆಯೇ ಹೋಗುತ್ತದೆ. ಹಿಂದೆ ಪದ್ಧತಿ ಮಾಡುತ್ತಿದ್ದ ಕೆಲಸವನ್ನು ಈಗ ನಾವೇ ಮಾಡಿಕೊಳ್ಳಬೇಕು.

ನಮ್ಮ ಮನೆಯ ಕಥೆ

ನಮ್ಮದು ಹುಲಿಕೆರೆಯಲ್ಲಿ ಒಂದಿಷ್ಟು ಅಡಿಕೆ, ತೆಂಗು. ಬಿಕ್ಕೋಡು ಕಡೆ ಮೂರು ಎಕರೆ ಅರೇಬಿಕಾ. 2010ರಲ್ಲಿ ಹಿರಿಯ ಮಗಳ ಮದುವೆ ಮಾಡಿದೆವು. ಆ ವರ್ಷ ಮೊದಲ ಗೌರಿ, ಮೊದಲ ದೀಪಾವಳಿ. ಈ ಸೀಮೆಯಲ್ಲಿ ಗೌರಿಯೆಂದರೆ ಎಷ್ಟು ದೊಡ್ಡ ಹಬ್ಬವೆಂದು ಹೇಳಬೇಕಾಗಿಲ್ಲ. ಅರಸೀಕೆರೆ ತಾಲ್ಲೂಕಿನ ಮಾಡಾಳಿನ ಸ್ವರ್ಣಗೌರಿಗೆ ಸೇರುವ ಜನರನ್ನು ನೋಡಿದವರಿಗೆ ಅದು ಗೊತ್ತು. ಹೊಸ ಅಳಿಯನ ಮುಂದೆ ಕೈ ಚಿಕ್ಕದು ಮಾಡುವುದುಂಟೇ ಎಂದು ನಾವೂ ಹುರುಪಿನಿಂದ ಹೊರಟೆವು.

ಆ ವರ್ಷದ ಖರ್ಚನ್ನು ಆಮೇಲೆ ಕುಳಿತು ಲೆಕ್ಕ ಹಾಕಿದೆವು. ವರಮಹಾಲಕ್ಷ್ಮಿಗೆ 3,000 ರೂಪಾಯಿ, ಗೌರಿ-ಗಣೇಶಕ್ಕೆ 7,000, ನವರಾತ್ರಿಗೆ 4,000, ದೀಪಾವಳಿಗೆ 16,000, ಒಟ್ಟು 30,000 ರೂಪಾಯಿ. ಕೈಯಲ್ಲಿ ಇದ್ದದ್ದು 5,000. ಸೆಪ್ಟೆಂಬರಿನಲ್ಲಿ ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿಗೆ 10,000 ಕೈಗಡ ತಂದೆವು. ಅಕ್ಟೋಬರಿನಲ್ಲಿ ಒಬ್ಬ ವ್ಯಾಪಾರಿಯಿಂದ ಬರುವ ಕಾಫಿಯ ಮೇಲೆ 15,000 ಮುಂಗಡ ಪಡೆದೆವು. ಮುಂಗಡಕ್ಕೆ ಬಡ್ಡಿ ಇಲ್ಲವೆಂದು ಅವರು ಹೇಳಿದಾಗ ನಮಗೆ ಅವರು ದೇವರಂತೆ ಕಂಡರು. ಷರತ್ತು ಒಂದೇ: ಅಂದು ಮಾತಾದ ಬೆಲೆಗೆ ಎಂಟು ಮೂಟೆ ಪಾರ್ಚ್‌ಮೆಂಟ್ ಕೊಡಬೇಕು.

2010ರ ಕೊನೆಯಿಂದ 2011ರ ಮೊದಲ ತಿಂಗಳುಗಳವರೆಗೆ ಲೋಕದ ಮಾರುಕಟ್ಟೆಯಲ್ಲಿ ಅರೇಬಿಕಾ ಬೆಲೆ ಏರುತ್ತಲೇ ಹೋಯಿತು. ನಮ್ಮ ಅಕ್ಕಪಕ್ಕದವರು ಏರಿದ ಬೆಲೆಗೆ ಮಾರಿದರು. ನಾವು ಮಾತು ಕೊಟ್ಟ ಎಂಟು ಮೂಟೆಯನ್ನು ಮೂಟೆಗೆ 900 ರೂಪಾಯಿ ಕಡಿಮೆಗೆ ಅಳೆದುಕೊಟ್ಟೆವು. ವ್ಯಾಪಾರಿಯದು ಇದರಲ್ಲಿ ತಪ್ಪೇನೂ ಇಲ್ಲ. ಬೆಲೆ ಇಳಿದಿದ್ದರೆ ನಷ್ಟ ಅವರದಾಗುತ್ತಿತ್ತು. ತಪ್ಪು, ಗಿಡದ ಮೇಲಿನ ಬೆಳೆಯನ್ನು ಹಬ್ಬಕ್ಕೆ ಅಡವಿಟ್ಟ ನಮ್ಮದು.

ಈಗ ಕೂಡಿಸಿ ನೋಡೋಣ. ಎಂಟು ಮೂಟೆಗೆ 7,200 ರೂಪಾಯಿ ಹೋಯಿತು. ಕೈಗಡಕ್ಕೆ ಐದು ತಿಂಗಳ ಬಡ್ಡಿ 1,500. ಒಟ್ಟು 8,700. 30,000 ರೂಪಾಯಿಯ ಹಬ್ಬಕ್ಕೆ ನಾವು ಕೊಟ್ಟದ್ದು 38,700. ಈ 8,700ರಲ್ಲಿ ದೇವರಿಗೆ ಒಂದು ಹೂವು ಏರಲಿಲ್ಲ, ಮಕ್ಕಳ ಎಲೆಗೆ ಒಂದು ಒಬ್ಬಟ್ಟು ಬೀಳಲಿಲ್ಲ. ಇನ್ನೂ ಒಂದು ಖರ್ಚು ಈ ಲೆಕ್ಕದಲ್ಲಿ ಬಂದಿಲ್ಲ. ಆ ಅಕ್ಟೋಬರಿನಲ್ಲಿ ಕಾಫಿಗೆ ಹಾಕಬೇಕಾದ ಗೊಬ್ಬರವನ್ನು ಅರ್ಧಕ್ಕೆ ನಿಲ್ಲಿಸಿದ್ದೆವು. ಮುಂದಿನ ವರ್ಷದ ಬೆಳೆ ಹೊರಬೇಕಾದ ಕೊಂಬೆಗಳು ಬಡವಾದವು. ಅದರ ಬೆಲೆ ಎಷ್ಟೆಂದು ಯಾವ ಪುಸ್ತಕದಲ್ಲಿ ಬರೆಯುವುದು?

ಮುಂದಿನ ಗೌರಿಗೆ ಮಗಳು ಬಂದಾಗ ಮೇಜಿನ ಮೇಲಿದ್ದ ಈ ಲೆಕ್ಕ ಅವಳ ಕಣ್ಣಿಗೆ ಬಿತ್ತು. ಸುಮ್ಮನೆ ಓದಿದಳು. ಆಮೇಲೆ, "ಅಪ್ಪಾ, ಆ ಸೀರೆಗೆ ಕಾಫಿ ಬರೆದುಕೊಟ್ಟಿದ್ರಿ ಅಂತ ಗೊತ್ತಿದ್ರೆ ನಾನು ಉಡ್ತಾನೇ ಇರಲಿಲ್ಲ. ಅವ್ವನ ಕೈಯ ಕಡುಬು ತಿನ್ನೋಕೆ ಬಂದಿದ್ದೆ, ಸೀರೆಗಲ್ಲ" ಎಂದಳು. ಯಾರ ಮುಂದೆ ಕೈ ಚಿಕ್ಕದಾಗಬಾರದೆಂದು ಸಾಲ ಮಾಡಿದೆವೋ ಅವಳ ಮುಂದೆಯೇ ನಾವು ಚಿಕ್ಕವರಾದೆವು.

ಮೊದಲು ಬರೆದಿಡಿ

ಹಬ್ಬದ ಖರ್ಚಿನ ಗುಣವೆಂದರೆ ಅದು ಚಿಲ್ಲರೆಯಾಗಿ ಹೋಗುತ್ತದೆ. ಪೇಟೆಗೆ ಹೋದಾಗ ಇನ್ನೂರು, ಹೂವಿಗೆ ನೂರು, ಬಸ್ಸಿಗೆ ಐವತ್ತು. ಯಾವುದೂ ದೊಡ್ಡದಾಗಿ ಕಾಣುವುದಿಲ್ಲ. ಬರೆದಾಗ ಮಾತ್ರ ಕಾಣುತ್ತದೆ. ನಮ್ಮ 30,000ವನ್ನು ಬಿಡಿಸಿ ಬರೆದಾಗ ಬಟ್ಟೆಗೆ 13,500, ಪಟಾಕಿ ಮತ್ತು ಅಂಗಡಿ ಸಿಹಿಗೆ 4,500, ಓಡಾಟಕ್ಕೆ 3,000, ಹೂವು-ಹಣ್ಣು-ಪೂಜೆ ಸಾಮಾನಿಗೆ 2,800, ದಿನಸಿಗೆ 4,700, ಆಳುಗಳಿಗೆ 1,500 ಎಂದಾಯಿತು. ಮನೆಯವರೆಲ್ಲ ಕೂತು ಉಂಡ ಅಡುಗೆಗೂ ದೇವರ ಮುಂದಿಟ್ಟ ಪೂಜೆಗೂ ಸೇರಿ ಆದದ್ದು 7,500. ಎಂದರೆ ಹಬ್ಬವೆಂದು ನಾವು ಯಾವುದನ್ನು ಕರೆಯುತ್ತೇವೋ ಅದಕ್ಕೆ ಹಿಡಿದದ್ದು ನಾಲ್ಕನೆಯ ಒಂದು ಪಾಲು. ಉಳಿದ ಮೂರು ಪಾಲು ಪೇಟೆಯ ಪಾಲು.

ಆದ್ದರಿಂದ ಒಂದು ಎರಡು ರೂಲಿನ ಪುಸ್ತಕವನ್ನು ಹಬ್ಬಕ್ಕೆಂದೇ ಇಡಿ. ಹಬ್ಬಕ್ಕೆ ಒಂದು ಪುಟ. ಬರೆಯುವ ಕೆಲಸ ಮನೆಯ ಶಾಲೆ ಮಕ್ಕಳಿಗೆ ಕೊಡಿ. ಅವರು ಬಿಡದೆ ಕೇಳುತ್ತಾರೆ, ಬರೆಯುತ್ತಾರೆ, ನಮ್ಮ ಮುಲಾಜು ನೋಡುವುದಿಲ್ಲ.

ಮುಡಿಪು ಕಟ್ಟುವ ಕ್ರಮ

ನಮ್ಮ ಹಿರಿಯರು ತಿರುಪತಿಗೋ ಧರ್ಮಸ್ಥಳಕ್ಕೋ ಹರಕೆ ಹೊತ್ತರೆ ಅರಿಸಿನದ ಬಟ್ಟೆಯಲ್ಲಿ ಕಾಣಿಕೆ ಕಟ್ಟಿ ದೇವರ ಮನೆಯಲ್ಲಿ ಇಡುತ್ತಿದ್ದರು. ಅದು ಮುಡಿಪು. ಮನೆಯಲ್ಲಿ ಉಪ್ಪಿಗೆ ಕಾಸಿಲ್ಲದಿದ್ದರೂ ಮುಡಿಪಿನ ಗಂಟು ಬಿಚ್ಚುತ್ತಿರಲಿಲ್ಲ. ಉಳಿತಾಯದ ದೊಡ್ಡ ಗುಟ್ಟು ಇಲ್ಲಿದೆ. ಹಣಕ್ಕೆ ಒಂದು ಹೆಸರು ಕೊಟ್ಟರೆ ಅದು ನಿಲ್ಲುತ್ತದೆ, ಹೆಸರಿಲ್ಲದ ಹಣ ಓಡುತ್ತದೆ.

2011ರ ಫೆಬ್ರವರಿಯಲ್ಲಿ ನಾವು ಮಾಡಿದ್ದು ಇಷ್ಟೆ. ಕಾಫಿಯ ಹಣ ಕೈಗೆ ಬಂದ ವಾರದಲ್ಲೇ 17,000 ರೂಪಾಯಿಯನ್ನು ನಾಲ್ಕು ಪಾಲು ಮಾಡಿ ನಾಲ್ಕು ಬೇರೆ ಬೇರೆ ನಿಶ್ಚಿತ ಠೇವಣಿ ಇಟ್ಟೆವು. ವರಮಹಾಲಕ್ಷ್ಮಿಗೆ 2,000, ಗೌರಿ-ಗಣೇಶಕ್ಕೆ 5,000, ನವರಾತ್ರಿಗೆ 4,000, ದೀಪಾವಳಿಗೆ 6,000. ಪ್ರತಿಯೊಂದರ ವಾಯಿದೆಯೂ ಆಯಾ ಹಬ್ಬಕ್ಕೆ ಹದಿನೈದು ದಿನ ಮುಂಚೆ ಮುಗಿಯುವಂತೆ ನೋಡಿಕೊಂಡೆವು. ರಸೀದಿಯ ಹಿಂಭಾಗದಲ್ಲಿ ಪೆನ್ಸಿಲಿನಿಂದ ಹಬ್ಬದ ಹೆಸರು ಬರೆದು ದೇವರ ಮನೆಯಲ್ಲಿಯೇ ಇಟ್ಟೆವು. ನಾಲ್ಕು ರಸೀದಿ ಏಕೆ, ಒಂದೇ ಸಾಲದೇ ಎಂದು ಕೇಳಬಹುದು. ಒಂದೇ ಇದ್ದರೆ ಗೌರಿಯು ದೀಪಾವಳಿಯ ಪಾಲನ್ನೂ ನುಂಗಿಬಿಡುತ್ತಾಳೆ.

ಇದನ್ನು ಮಾಡುವವರು ಮೂರು ವಿಷಯ ಗಮನಿಸಬೇಕು.

ಒಂದು, ವಾಯಿದೆ ಹಾಕುವ ಮೊದಲು ಆ ವರ್ಷದ ಪಂಚಾಂಗ ನೋಡಿ. ಸುಮಾರು ಮೂವತ್ತೆರಡು ತಿಂಗಳಿಗೊಮ್ಮೆ ಅಧಿಕ ಮಾಸ ಬರುತ್ತದೆ. 2023ರಲ್ಲಿ ಅಧಿಕ ಶ್ರಾವಣ ಬಂದು ಗೌರಿ-ಗಣೇಶ ಸೆಪ್ಟೆಂಬರಿನ ಮೂರನೆಯ ವಾರಕ್ಕೆ ಹೋಗಿದ್ದು ನೆನಪಿರಬಹುದು. ಅಂಥ ವರ್ಷ ದೀಪಾವಳಿ ನವೆಂಬರಿಗೆ ಸರಿಯುತ್ತದೆ.

ಎರಡು, ಗೊಬ್ಬರಕ್ಕೂ ಹೀಗೆಯೇ ಒಂದು ರಸೀದಿ ಇರಲಿ. ಗೊಬ್ಬರದ ಮುಡಿಪನ್ನು ಹಬ್ಬಕ್ಕೆ ಮುಟ್ಟಬಾರದು. ಸಹಕಾರ ಸಂಘದಲ್ಲಿ ನಿಗದಿತ ಮಿತಿಯೊಳಗೆ ಬಡ್ಡಿಯಿಲ್ಲದ ಬೆಳೆ ಸಾಲ ಸಿಗುತ್ತದೆಂದು ಅದರಿಂದ ಹಬ್ಬ ಮಾಡುವವರಿದ್ದಾರೆ. ಗಡುವಿನೊಳಗೆ ತೀರಿಸಿದರೆ ಮಾತ್ರ ಆ ಸೌಲಭ್ಯ, ತಪ್ಪಿದರೆ ಬಡ್ಡಿ ಬೀಳುತ್ತದೆ. ಬೆಳೆಗೆಂದು ತಂದ ಹಣ ಬೆಳೆಗೆ ಹೋಗದಿದ್ದರೆ ತೀರಿಸುವ ಬೆಳೆ ಎಲ್ಲಿಂದ ಬರಬೇಕು?

ಮೂರು, ಯಾರೋ ಪರಿಚಯದವರು ನಡೆಸುತ್ತಾರೆಂದು ನೋಂದಣಿಯಿಲ್ಲದ ಹಬ್ಬದ ಚೀಟಿಗೆ ಹಣ ಕಟ್ಟಬೇಡಿ. 1982ರ ಚಿಟ್ ಫಂಡ್ ಕಾಯಿದೆಯ ಪ್ರಕಾರ ಚೀಟಿ ವ್ಯವಹಾರ ನಡೆಸಲು ನೋಂದಣಿ ಆಗಿರಬೇಕು. ಹಬ್ಬದ ಹಿಂದಿನ ವಾರ ಚೀಟಿ ನಡೆಸುವವರ ಮನೆಗೆ ಬೀಗ ಬಿದ್ದಿದ್ದರೆ ಕೇಳಲು ನಮಗೆ ಕಾಗದವೇ ಇರುವುದಿಲ್ಲ. ಅಂಚೆ ಕಚೇರಿಯ ಆವರ್ತಕ ಠೇವಣಿ ಇದೆ, ಬ್ಯಾಂಕಿದೆ, ನಮ್ಮ ಸಂಘವಿದೆ. 2000-01ರಲ್ಲಿ ಆರಂಭವಾದ ಸ್ತ್ರೀಶಕ್ತಿ ಗುಂಪುಗಳಲ್ಲಿ ನಮ್ಮ ಹೆಣ್ಣುಮಕ್ಕಳು ವಾರವಾರ ಹಣ ಕೂಡಿಸಿ ತೋರಿಸಿದ್ದಾರೆ. ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ ಎಂಬುದನ್ನು ಅವರಿಗೆ ನಾವು ಹೇಳಿಕೊಡಬೇಕಾಗಿಲ್ಲ, ಅವರಿಂದ ನಾವು ಕಲಿಯಬೇಕು.

ಹಿತ್ತಲಿನದನ್ನು ಪೇಟೆಯಲ್ಲಿ ಕೊಳ್ಳಬೇಡಿ

ಹಬ್ಬದ ಹಿಂದಿನ ದಿನ ಬೇಲೂರು ಅಥವಾ ಹಳೇಬೀಡಿನ ಬೀದಿಯಲ್ಲಿ ನಿಂತು ನೋಡಿ. ತೋಟವಿರುವವರೇ ಬಾಳೆಕಂದು, ಮಾವಿನ ಸೊಪ್ಪು, ವೀಳ್ಯದೆಲೆ, ತೆಂಗಿನಕಾಯಿ ಕೊಂಡು ಹೋಗುತ್ತಿರುತ್ತಾರೆ. ಅಡಿಕೆ ಬೆಳೆಯುವವನು ತಾಂಬೂಲಕ್ಕೆ ಪೇಟೆಯಿಂದ ಅಡಿಕೆ ತರುವುದನ್ನೂ ನಾವು ಕಂಡಿದ್ದೇವೆ. ಪಕ್ಕದ ಅರಸೀಕೆರೆ ಕೊಬ್ಬರಿಯ ದೊಡ್ಡ ಮಾರುಕಟ್ಟೆ. ಆದರೂ ಸಂಕ್ರಾಂತಿಗೆ ಕತ್ತರಿಸಿದ ಕೊಬ್ಬರಿ ಸೇರಿಸಿ ಕಟ್ಟಿದ ಎಳ್ಳು-ಬೆಲ್ಲದ ಪೊಟ್ಟಣವನ್ನು ಅಂಗಡಿಯಿಂದ ತರುತ್ತೇವೆ. ಮನೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಕೊಬ್ಬರಿ, ಬೆಲ್ಲ ಕತ್ತರಿಸುವ ಆ ಸಂಜೆಯೇ ಅರ್ಧ ಹಬ್ಬವಲ್ಲವೇ?

ಹೂವಿನ ಬೆಲೆ ಶ್ರಾವಣ ಶುಕ್ರವಾರಗಳಲ್ಲಿ ಹೇಗೆ ಏರುತ್ತದೆಂದು ಎಲ್ಲರಿಗೂ ಗೊತ್ತು. ಚೆಂಡುಹೂವಿನ ಬೀಜ ಹಾಕಿದರೆ ಮೂರು ತಿಂಗಳೊಳಗೆ ಹೂವು ಕೈಗೆ ಬರುತ್ತದೆ. ಜೂನ್ ಕೊನೆಗೆ ಒಟ್ಲು ಹಾಕಿ, ಸಸಿಯನ್ನು ಬಿಸಿಲು ಬೀಳುವ ಬದುವಿನ ಮೇಲೆ ನೆಟ್ಟರೆ ನವರಾತ್ರಿಗೆ ಹೂವಿನ ಅಂಗಡಿಗೆ ಹೋಗಬೇಕಿಲ್ಲ. ಇನ್ನೊಂದು ತಿಂಗಳು ಬಿಟ್ಟು ಇನ್ನೊಂದು ಒಟ್ಲು ಹಾಕಿದರೆ ಅದು ದೀಪಾವಳಿಗೆ. ತಿಪ್ಪೆಯ ಅಂಚಿಗೆ ಎರಡು ಬೂದುಗುಂಬಳದ ಬೀಜ ಊರಿ. ಆಯುಧಪೂಜೆಗೆ ಕಾಯಿ ಅಲ್ಲೇ ಕಾದಿರುತ್ತದೆ. ಬದುವಿನ ಹೊಂಗೆಯ ಬೀಜ ಕೂಡಿಸಿ ಗಾಣಕ್ಕೆ ಕೊಟ್ಟರೆ ಅಂಗಳದ ಹಣತೆಗಳಿಗೆ ಎಣ್ಣೆಯಾಯಿತು.

ಗಣೇಶನ ವಿಷಯವೂ ಹಾಗೆಯೇ. ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿಗಳಿಗೆ ನಮ್ಮ ರಾಜ್ಯದಲ್ಲಿ ನಿಷೇಧವಿದೆ. ಬಣ್ಣ ಬಳಿಯದ ಮಣ್ಣಿನ ಗಣಪನಿಗೆ ಖರ್ಚೂ ಕಡಿಮೆ. ನಮ್ಮೂರಿನಲ್ಲಿ ಹೊಯ್ಸಳರ ಕಾಲದ ಕಲ್ಯಾಣಿ ಇದೆ. ಸುತ್ತ ಪುಟ್ಟ ಗುಡಿಗಳು, ಇಳಿಯುತ್ತ ಹೋಗುವ ಮೆಟ್ಟಿಲುಗಳು. ದೂರದೂರದಿಂದ ಜನ ಬಂದು ನೋಡಿ ಹೋಗುತ್ತಾರೆ. ಅದರಲ್ಲಿ ಬಣ್ಣದ ಮೂರ್ತಿ ಮುಳುಗಿಸುವುದು ಹಿರಿಯರು ಕೊಟ್ಟ ಆಸ್ತಿಗೆ ನಾವು ಮಾಡುವ ಅನ್ಯಾಯ. ಮನೆಯಲ್ಲೇ ಕೊಳಗದ ನೀರಿನಲ್ಲಿ ಗಣಪನನ್ನು ಬಿಟ್ಟು, ಕರಗಿದ ಮಣ್ಣನ್ನು ತೆಂಗಿನ ಬುಡಕ್ಕೆ ಹಾಕಿ. ವಿಘ್ನೇಶ್ವರ ತೋಟದಲ್ಲೇ ಉಳಿಯಲಿ.

ಕೊಳ್ಳುವುದಾದರೆ ಕಾಲ ನೋಡಿ, ಕೂಡಿ ಕೊಳ್ಳಿ

ಬೇಳೆ, ಬೆಲ್ಲ, ಎಣ್ಣೆ ಇವುಗಳಿಗೆ ಹಬ್ಬದ ವಾರದಲ್ಲಿ ಚಿಲ್ಲರೆ ಅಂಗಡಿಯಲ್ಲಿ ಕೇಳಿದ ಬೆಲೆ ಕೊಡಬೇಕಾಗುತ್ತದೆ. ತೊಗರಿಯ ಹೊಸ ಬೆಳೆ ಜನವರಿ-ಫೆಬ್ರವರಿಯಲ್ಲಿ ಮಾರುಕಟ್ಟೆಗೆ ಬರುತ್ತದೆ. ನಮ್ಮ ಕೈಯಲ್ಲಿ ಹಣವಿರುವುದೂ ಆಗಲೇ. ವರ್ಷದ ಬೇಳೆಯನ್ನು ಆಗಲೇ ಕೊಂಡು, ಚೆನ್ನಾಗಿ ಒಣಗಿಸಿ, ಬೇವಿನ ಸೊಪ್ಪು ಹಾಕಿ ಡಬ್ಬಕ್ಕೆ ತುಂಬಿಡಬಹುದು. ಬೆಲ್ಲ ಮಳೆಗಾಲದಲ್ಲಿ ನೀರೊಡೆಯುತ್ತದೆ, ಬಿಗಿ ಮುಚ್ಚಳದ ಪಾತ್ರೆ ಬೇಕು. ಇಪ್ಪತ್ತು ಮನೆಯವರು ಸೇರಿ ಮೂಟೆಯ ಲೆಕ್ಕದಲ್ಲಿ ತಂದು ಹಂಚಿಕೊಂಡರೆ ಸಗಟು ಬೆಲೆಗೆ ಸಿಗುತ್ತದೆ, ಇಪ್ಪತ್ತು ಜನರ ಬಸ್ ಚಾರ್ಜೂ ಉಳಿಯುತ್ತದೆ.

ಬಟ್ಟೆಯನ್ನು ಪ್ರತಿ ಹಬ್ಬಕ್ಕೂ ತರುವ ಬದಲು ವರ್ಷಕ್ಕೊಮ್ಮೆ ಎಂದು ನಮ್ಮ ಮನೆಯಲ್ಲಿ ತೀರ್ಮಾನಿಸಿದೆವು. ಯಾವ ಹಬ್ಬಕ್ಕೆ ಬೇಕೆಂದು ಅವರವರೇ ಆರಿಸಿಕೊಳ್ಳುತ್ತಾರೆ. ಮದುವೆಗಳಿಲ್ಲದ ಆಷಾಢದಲ್ಲಿ ಬಟ್ಟೆ ಅಂಗಡಿಗಳು ರಿಯಾಯಿತಿ ಹಾಕುತ್ತವೆ. ಬೇಕಾದ್ದರ ಪಟ್ಟಿ ಜೇಬಿನಲ್ಲಿದ್ದರೆ ಮಾತ್ರ ಅಲ್ಲಿಗೆ ಹೋಗಿ. ಪಟ್ಟಿಯಿಲ್ಲದೆ ಹೋದವನಿಗೆ ರಿಯಾಯಿತಿಯೂ ಒಂದು ಖರ್ಚೇ.

ಪಟಾಕಿಯ ಬಗ್ಗೆ ಮಕ್ಕಳಿಗೆ ಬೇಸರವಾಗುವಂತೆ ಹೇಳಬೇಕಾಗಿಲ್ಲ. ಸುಪ್ರೀಂ ಕೋರ್ಟು 2018ರಲ್ಲಿ ದೀಪಾವಳಿಯಂದು ಪಟಾಕಿಗೆ ರಾತ್ರಿ ಎಂಟರಿಂದ ಹತ್ತರವರೆಗೆ ಎಂದು ಹೊತ್ತು ಗೊತ್ತುಮಾಡಿತು. ನಮಗೆ ಅದಕ್ಕಿಂತ ಹತ್ತಿರದ ಕಾರಣವೂ ಇದೆ. ಆ ದಿನಗಳಲ್ಲಿ ಅಡಿಕೆ ಕಣದಲ್ಲಿರುತ್ತದೆ, ಕೊಟ್ಟಿಗೆಯಲ್ಲಿ ಹುಲ್ಲಿರುತ್ತದೆ, ಕಟ್ಟಿದ ದನಗಳಿರುತ್ತವೆ. ಒಂದು ಕಿಡಿಯ ಬೆಲೆ ಪಟಾಕಿಯ ಡಬ್ಬದ ಮೇಲೆ ಬರೆದಿರುವುದಿಲ್ಲ. ಚಿಕ್ಕವರಿಗೆ ಒಂದು ಕಟ್ಟು ಸುರುಸುರು ಬತ್ತಿ ಕೊಟ್ಟು, ಮನೆಯ ಸುತ್ತ ಹಣತೆ ಹಚ್ಚುವ ಕೆಲಸ ಒಪ್ಪಿಸಿ. ಅಂಗಡಿ ಸಿಹಿಯ ಬದಲು ಅಕ್ಕಿ-ಬೆಲ್ಲದ ಕಜ್ಜಾಯವಾಗಲಿ. ಅದು ವಾರವಿಟ್ಟರೂ ಕೆಡುವುದಿಲ್ಲ. ವರ್ಷಕ್ಕೊಮ್ಮೆ ಬಾಗಿಲು ತೆರೆಯುವ ಹಾಸನಾಂಬೆಯ ದರ್ಶನಕ್ಕೆ ಮನೆಮನೆಗೊಂದು ಕಾರು ಮಾಡುವ ಬದಲು ಬೀದಿಯವರೆಲ್ಲ ಸೇರಿ ಒಂದು ಗಾಡಿ ಮಾಡಿಕೊಂಡರೆ ಮಾತಾಡುತ್ತ ಹೋಗಿ ಬರಬಹುದು.

ಇಲ್ಲಿ ಉಳಿಸಬೇಡಿ

ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಖರ್ಚು ಕಡಿಮೆ ಮಾಡಿ ಎಂದ ಕೂಡಲೆ ಕೆಲವರ ಕೈ ಮೊದಲು ಹೋಗುವುದು ತೋಟದ ಆಳುಗಳಿಗೆ ಕೊಡುವ ಹಬ್ಬದ ಇನಾಮಿಗೆ. ಇಪ್ಪತ್ತು ಮತ್ತು ಅದಕ್ಕಿಂತ ಹೆಚ್ಚು ಜನ ದುಡಿಯುವ ಸಂಸ್ಥೆಗಳಿಗೆ ಬೋನಸ್ಸಿನ ಕಾನೂನಿದೆ. ಇಬ್ಬರು ಮೂವರನ್ನು ಇಟ್ಟುಕೊಂಡಿರುವ ನಮ್ಮಂಥವರನ್ನು ಕೇಳುವ ಕಾನೂನಿಲ್ಲ, ಕೇಳುವುದು ನಮ್ಮ ಮನಸ್ಸು ಮಾತ್ರ. ಮಳೆಯಲ್ಲಿ ಗೊರಬು ಹಾಕಿಕೊಂಡು ಕಳೆ ತೆಗೆದವರಿಗೂ, ಮರವೇರಿ ಔಷಧಿ ಹೊಡೆದವರಿಗೂ ಮನೆಯಲ್ಲಿ ಮಕ್ಕಳಿದ್ದಾರೆ, ಅವರಿಗೂ ಶ್ರಾವಣ ಬರುತ್ತದೆ. ನಮ್ಮ ಎಲೆಯಲ್ಲಿ ಉಳಿಸುವುದು ಉಳಿತಾಯ, ಅವರ ಎಲೆಯಲ್ಲಿ ಉಳಿಸುವುದು ಉಳಿತಾಯವಲ್ಲ.

2011ರಲ್ಲಿ ನಮ್ಮ ಮನೆಯ ಹಬ್ಬದ ಖರ್ಚು 16,500 ರೂಪಾಯಿಗೆ ಇಳಿಯಿತು. ಅಳಿಯನ ಮೊದಲ ದೀಪಾವಳಿ ಪ್ರತಿ ವರ್ಷ ಬರುವುದಿಲ್ಲವಾದ್ದರಿಂದ ಇಳಿದದ್ದೆಲ್ಲವೂ ನಮ್ಮ ಜಾಣತನವೆಂದು ಹೇಳಿಕೊಳ್ಳಲಾರೆವು. ಬಟ್ಟೆ 6,000, ದಿನಸಿ 4,300, ಓಡಾಟ 2,000, ಪಟಾಕಿ-ಸಿಹಿ 1,000, ಹೂವು-ಪೂಜೆ 700. ಆಳುಗಳ ಇನಾಮು ಮಾತ್ರ 1,500ರಿಂದ 2,500ಕ್ಕೆ ಏರಿತು. ಆ ಸುಗ್ಗಿಯಲ್ಲಿ ಅವರು ನಮ್ಮನ್ನು ಬಿಟ್ಟು ಬೇರೆ ತೋಟಕ್ಕೆ ಹೋಗಲಿಲ್ಲ. ಈ ಅಂಕಿಗಳು ಅಂದಿನವು, ಇಂದಿನ ಬೆಲೆಗೆ ಹೊಂದುವುದಿಲ್ಲ. ಯಾವುದು ಇಳಿಯಿತು, ಯಾವುದು ಏರಿತು ಎಂಬುದನ್ನಷ್ಟೇ ನೋಡಿ. ಮುಡಿಪಿನ 17,000ದಲ್ಲಿ 500 ಉಳಿಯಿತು. ಸಾಲ ಒಂದು ರೂಪಾಯಿಯೂ ಆಗಲಿಲ್ಲ. ಅಕ್ಟೋಬರಿನ ಗೊಬ್ಬರ ಅಕ್ಟೋಬರಿನಲ್ಲೇ ಬಿತ್ತು. ಕಾಫಿಯನ್ನು ನಮಗೆ ಬೇಕಾದ ದಿನ ಮಾರಿದೆವು.

ಬಾಗಿನದ ವಿಷಯದಲ್ಲಿಯೂ ಒಂದು ಮಾತು. ಹೆಣ್ಣುಮಕ್ಕಳಿಗೆ ಮೊರದ ಬಾಗಿನ ತಪ್ಪಿಸಬೇಡಿ. ಅಕ್ಕಿ, ಬೇಳೆ, ಬೆಲ್ಲ, ಬಳೆ, ಅರಿಸಿನ-ಕುಂಕುಮದ ಆ ಮೊರ ಎಂದೂ ಯಾರನ್ನೂ ಸಾಲಗಾರರನ್ನಾಗಿ ಮಾಡಿಲ್ಲ. ಅದರ ಮೇಲೆ ನಾವು ಪೇರಿಸುವ ಪೇಟೆಯ ಭಾರ ಮಾಡಿದೆ.

ಸಂಘ ಹುಟ್ಟಿದ್ದೇ ಇದಕ್ಕೆ

1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ನಮ್ಮ ನಾಡಿನ ಮೊದಲ ಕೃಷಿ ಸಹಕಾರಿ ಸಂಘ ಕಟ್ಟಿದರು. ಕಷ್ಟಕಾಲದಲ್ಲಿ ರೈತ ಸಾಹುಕಾರನ ಬಾಗಿಲಲ್ಲಿ ನಿಲ್ಲಬಾರದೆಂಬುದೇ ಸಹಕಾರದ ಮೂಲ. ಬೀಜಕ್ಕೆ, ಗೊಬ್ಬರಕ್ಕೆ ಸಂಘಕ್ಕೆ ಬರುವ ನಾವು ಹಬ್ಬಕ್ಕೆ ಮಾತ್ರ ಬಡ್ಡಿಯವರ ಮನೆಗೆ ಹೋಗುತ್ತೇವೆ. ಇದು ಏಕೆ ಹೀಗಾಗಬೇಕು? ಫೆಬ್ರವರಿ-ಮಾರ್ಚಿನಲ್ಲಿ ಬೆಳೆಯ ಹಣ ಬಂದಾಗ ಸದಸ್ಯನು ಇಷ್ಟೆಂದು ಕಟ್ಟಿ, ಶ್ರಾವಣದಿಂದ ದೀಪಾವಳಿಯವರೆಗೆ ನಾಲ್ಕು ಕಂತಿನಲ್ಲಿ ಹಿಂದೆ ಪಡೆಯುವ 'ಹಬ್ಬದ ಠೇವಣಿ'ಯೊಂದನ್ನು ನಮ್ಮ ಸಂಘದಲ್ಲೇ ಆರಂಭಿಸಬಹುದಲ್ಲವೇ? ಬೇಳೆ-ಬೆಲ್ಲದ ಸಗಟು ಖರೀದಿಯನ್ನೂ ಅದರ ಜೊತೆಗೇ ಸೇರಿಸಬಹುದು. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿ ಎಂದು ನಮ್ಮ ಕೋರಿಕೆ.

ಈಚಿನ ಕೆಲವು ವರ್ಷಗಳಲ್ಲಿ ಕಾಫಿಗೆ ಒಳ್ಳೆಯ ಬೆಲೆ ಕಂಡಿದ್ದೇವೆ. ಇಂಥ ಹೊತ್ತಿನಲ್ಲಿ ಉಳಿತಾಯದ ಮಾತು ರುಚಿಸುವುದಿಲ್ಲ. ಆದರೆ 2001-02ರ ಸುಮಾರಿನ ಬೆಲೆ ಕುಸಿತ ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಕೊಯ್ಲಿನ ಕೂಲಿ ಹುಟ್ಟುವುದೂ ಕಷ್ಟವಾಗಿದ್ದ ಆ ವರ್ಷಗಳಲ್ಲೂ ಗೌರಿ ತಪ್ಪದೆ ಬಂದಳು. ಬೆಲೆ ಇದ್ದ ವರ್ಷ ಎರಡು ವರ್ಷದ ಮುಡಿಪು ಕಟ್ಟಿ. ಕೂತು ತಿಂದರೆ ಕುಡಿಕೆ ಹೊನ್ನೂ ಸಾಲದು.

ಈಗ ಪ್ರತಿ ಗೌರಿಯ ಹಿಂದಿನ ದಿನ ನಮ್ಮ ಮನೆಯಲ್ಲಿ ದೇವರ ಮನೆಯಿಂದ ರಸೀದಿ ತೆಗೆಯುವ ಕೆಲಸ ಮೊಮ್ಮಗಳದು. ಹಣ ಆಗಲೇ ಬಂದಿರುತ್ತದೆ, ರಸೀದಿ ಬರಿ ಹಳೆಯ ಕಾಗದ. ಆದರೂ ಅದರ ಬೆನ್ನ ಮೇಲೆ ಪೆನ್ಸಿಲಿನಲ್ಲಿ ಬರೆದ ಹಬ್ಬದ ಹೆಸರನ್ನು ಅವಳು ಗಟ್ಟಿಯಾಗಿ ಓದಬೇಕು, ಆಮೇಲೆಯೇ ಕಡುಬಿಗೆ ಹಿಟ್ಟು ಕಲಸುವುದು. ನಿಮ್ಮ ಮನೆಗಳಲ್ಲಿ ನೀವು ಕಂಡುಕೊಂಡಿರುವ ದಾರಿಗಳನ್ನೂ ಬರೆದು ಕಳುಹಿಸಿರಿ. ಮುಂದಿನ ಸಂಚಿಕೆಗಳಲ್ಲಿ ಎಲ್ಲರೂ ಓದಿ ತಿಳಿಯಲಿ.